ಮಳಖೇಡದ ಲೆಕ್ಕ, ನಮ್ಮ ಗ್ರಾಫ್ ಹಾಳೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ, ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಹಿರಿಯ ವಿದ್ಯಾರ್ಥಿಗಳ ಬಳಗದವರು ಕೇಳಿದರು. ಸಾಫ್ಟ್‌ವೇರ್ ಕೆಲಸದವನು, ಕಂಪ್ಯೂಟರಿನ ಭವಿಷ್ಯದ ಬಗ್ಗೆ ಬರೆದಾನು ಎಂದು ಅವರು ಎಣಿಸಿರಬೇಕು. ಆದರೆ ಶಾಲೆ ಎಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಹತ್ತನೆಯ ತರಗತಿಯ ಗ್ರಾಫ್ ಹಾಳೆ. ಆ ಹಾಳೆಯ ಚರಿತ್ರೆಯನ್ನೇ ಬರೆಯುತ್ತೇನೆ ಎಂದೆ. ಅದು ಫ್ರಾನ್ಸಿನಲ್ಲೂ ಅಮೆರಿಕದಲ್ಲೂ ನಡೆದ ಚರಿತ್ರೆ ನಿಜ. ಆದರೆ ಅದರ ಒಂದು ತುದಿ ನಮ್ಮ ಮಗ್ಗುಲಿನ ಮಳಖೇಡದಲ್ಲಿದೆ, ಇನ್ನೊಂದು ತುದಿ ನಮ್ಮ ಶಾಲೆಯ ಬೆಂಚಿನ ಮೇಲಿದೆ.

ನಾನು ಎಸ್.ಎಸ್.ಎಲ್.ಸಿ. ಬರೆದದ್ದು 2005ರಲ್ಲಿ. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾವು ಗುಲಬರ್ಗಾ ಜಿಲ್ಲೆಯವರು. ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಗ್ರಾಫಿನ ಪ್ರಶ್ನೆ ಆಗ ಖಾಯಂ ಅತಿಥಿ. ವೈ = ಎಕ್ಸ್² ಎಂಬ ಪರವಲಯವನ್ನೂ ವೈ = 2 − ಎಕ್ಸ್ ಎಂಬ ಸರಳರೇಖೆಯನ್ನೂ ಒಂದೇ ಹಾಳೆಯಲ್ಲಿ ಎಳೆದು, ಅವೆರಡೂ ಸೇರುವ ಬಿಂದುಗಳಿಂದ ಉತ್ತರ ಹೇಳಬೇಕು. ಉತ್ತರ 1 ಮತ್ತು −2. ನಮ್ಮ ಗಣಿತದ ಗುರುಗಳು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಎಳೆಯಲು ಅರ್ಧ ಪಿರಿಯಡ್ ತೆಗೆದುಕೊಳ್ಳುತ್ತಿದ್ದರು. ಉಳಿದರ್ಧದಲ್ಲಿ ಪಾಠ. ಗ್ರಾಫ್ ಹಾಳೆ ಎಂದರೆ ರೊಕ್ಕ, ಆದ್ದರಿಂದ ಒಂದು ಹಾಳೆಯ ಎರಡೂ ಮಗ್ಗುಲು, ನಾಲ್ಕೂ ಮೂಲೆ ಬಳಸಿಬಿಡುತ್ತಿದ್ದೆವು.

ನನ್ನ ಬೆಂಚಿನ ಗೆಳೆಯನೊಬ್ಬನಿದ್ದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾನೆ. ಹತ್ತಿಯ ತೂಕ, ಕ್ವಿಂಟಲ್ ದರ, ಹಮಾಲಿ, ದಲಾಲಿ ಎಲ್ಲ ಕಳೆದು ಕೈಗೆಷ್ಟು ಬಂತು ಎಂಬುದನ್ನು ಬಾಯಿಲೆಕ್ಕದಲ್ಲಿ ಹೇಳುತ್ತಿದ್ದ. ಅಡತಿ ಅಂಗಡಿಯಲ್ಲಿ ಅಪ್ಪನ ಪಕ್ಕ ಕುಳಿತು ಕಲಿತದ್ದು. ಆದರೆ ಗ್ರಾಫ್ ಹಾಳೆ ಕಂಡರೆ ಅವನಿಗೆ ನಡುಕ. ‘ನನ್ನ ಕೈ ಚಿತ್ರಕ್ಕ ಬರೂದಿಲ್ಲೋ’ ಎನ್ನುತ್ತಿದ್ದ. ಅದು ಚಿತ್ರವಲ್ಲ, ಲೆಕ್ಕ ಎಂದು ಅವನಿಗೆ ತಿಳಿಸಿ ಹೇಳುವಷ್ಟು ನನಗೂ ಆಗ ತಿಳಿದಿರಲಿಲ್ಲ. ನಾನು ಬಿಂದುಗಳನ್ನು ಗುರುಗಳು ಹೇಳಿದಂತೆ ಇಟ್ಟು ಗೆರೆ ಕೂಡಿಸುತ್ತಿದ್ದೆ, ಅಷ್ಟೇ. ಅವನು ಗಣಿತದಲ್ಲಿ ಫೇಲಾದ. ಆ ಬೇಸಿಗೆಯಲ್ಲೇ ಊರ ಜನರೊಂದಿಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವನು ಮತ್ತೆ ಪರೀಕ್ಷೆಗೆ ಕೂರಲಿಲ್ಲ. ನಾನು ಪಿ.ಯು.ಸಿ., ಬಿ.ಇ. ಎಂದು ಮುಂದೆ ಹೋದೆ.

ಮಳಖೇಡದ ಹಣ್ಣಿನ ಲೆಕ್ಕ

ಯಾದಗಿರಿಯಿಂದ ಉತ್ತರಕ್ಕೆ ಹೋದರೆ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆಯ ಈ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 9ನೇ ಶತಮಾನದಲ್ಲಿ ಅಲ್ಲಿ ಆಳಿದವನು ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ ಅವನ ಆಸ್ಥಾನದಿಂದ ಬಂದದ್ದು ಎಂದು ನಾವೆಲ್ಲ ಕನ್ನಡದ ಪಿರಿಯಡ್ಡಿನಲ್ಲಿ ಓದಿದ್ದೇವೆ. ಅದೇ ಅಮೋಘವರ್ಷನನ್ನು ಹೊಗಳಿ ಆರಂಭವಾಗುವ ಇನ್ನೊಂದು ಗ್ರಂಥವಿದೆ ಎಂಬುದನ್ನು ಗಣಿತದ ಪಿರಿಯಡ್ಡಿನಲ್ಲಿ ನಾವು ಕೇಳಲಿಲ್ಲ. ಅದು ಜೈನ ಗಣಿತಜ್ಞ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’, ಸುಮಾರು ಕ್ರಿ.ಶ. 850ರದು. ಸಂಸ್ಕೃತದಲ್ಲಿದೆ, 9 ಅಧ್ಯಾಯಗಳು, 1,100ಕ್ಕೂ ಹೆಚ್ಚು ಶ್ಲೋಕಗಳು. ಖಗೋಳ, ಜ್ಯೋತಿಷ್ಯಗಳ ಹಂಗಿಲ್ಲದೆ ಗಣಿತಕ್ಕೆಂದೇ ಬರೆದ ಪುಸ್ತಕ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರ ಗಣಿತ’, ‘ಕ್ಷೇತ್ರ ಗಣಿತ’ ಮುಂತಾದವನ್ನು ನೇರ ಕನ್ನಡದಲ್ಲೇ ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಇಂಗ್ಲಿಷಿಗೆ ಅನುವಾದಿಸಿ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಹೊರಗಿನ ಲೋಕ ಅದನ್ನು ಗಮನಿಸಿತು.

ಆ ಪುಸ್ತಕದಲ್ಲಿ ಒಂದು ಹಣ್ಣಿನ ಲೆಕ್ಕವಿದೆ. ಅದರ ಸಾರಾಂಶ ಇಷ್ಟು: 9 ಮಾದಳ ಹಣ್ಣು ಮತ್ತು 7 ಬೇಲದ ಹಣ್ಣುಗಳ ಬೆಲೆ 107. 7 ಮಾದಳ ಮತ್ತು 9 ಬೇಲದ ಹಣ್ಣುಗಳ ಬೆಲೆ 101. ಹಾಗಾದರೆ ಒಂದೊಂದರ ಬೆಲೆ ಎಷ್ಟು? ಬೇಲದ ಹಣ್ಣು ಎಂದರೆ ನಮ್ಮ ಕಡೆಯ ಬಳವಲ.

ಇಂದಿನ ಹತ್ತನೆಯ ತರಗತಿಯ ಪುಸ್ತಕದಲ್ಲಿ ‘ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿಗಳು’ ಎಂಬ ಪಾಠವಿದೆ. ಹೆಸರು ಉದ್ದ, ವಿಷಯ ಇದೇ. ಮಾದಳದ ಬೆಲೆ ಎಕ್ಸ್, ಬಳವಲದ ಬೆಲೆ ವೈ ಎಂದಿಟ್ಟರೆ,

9ಎಕ್ಸ್ + 7ವೈ = 107
7ಎಕ್ಸ್ + 9ವೈ = 101

ಮಹಾವೀರ ಕೊಡುವ ದಾರಿ ಹೀಗಿದೆ. ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ ಗುಣಿಸು: 107 × 9 = 963. ಸಣ್ಣ ಮೊತ್ತವನ್ನು ಸಣ್ಣ ಸಂಖ್ಯೆಯಿಂದ ಗುಣಿಸು: 101 × 7 = 707. ಕಳೆದರೆ 256. ಇದನ್ನು 9ರ ವರ್ಗ ಮತ್ತು 7ರ ವರ್ಗಗಳ ವ್ಯತ್ಯಾಸದಿಂದ, ಅಂದರೆ 81 − 49 = 32ರಿಂದ ಭಾಗಿಸು. ಬಂತು 8. ಮಾದಳಕ್ಕೆ 8. ಹಾಗಾದರೆ 9 ಮಾದಳಕ್ಕೆ 72, ಉಳಿದ 35ರಲ್ಲಿ 7 ಬಳವಲ, ಒಂದಕ್ಕೆ 5. ಇವತ್ತು ನಾವು ‘ವರ್ಜಿಸುವ ವಿಧಾನ’ ಎನ್ನುವುದು ಇದನ್ನೇ. ಎಕ್ಸ್ ಇಲ್ಲ, ವೈ ಇಲ್ಲ, ಗ್ರಾಫ್ ಇಲ್ಲ. ಎಲ್ಲವೂ ಮಾತಿನಲ್ಲಿ.

ಈ ಲೆಕ್ಕವನ್ನು ನಾನು ಮೊದಲು ಓದಿದಾಗ ನೆನಪಾದವನು ನನ್ನ ಗೆಳೆಯ. ಅಡತಿ ಅಂಗಡಿಯಲ್ಲಿ ಅವನು ಮಾಡುತ್ತಿದ್ದ ಲೆಕ್ಕದ ಜಾತಿ ಇದೇ ಅಲ್ಲವೇ? ಮಳಖೇಡದ ಕಾಲದಲ್ಲಿ ಹುಟ್ಟಿದ್ದರೆ ಅವನು ಫೇಲಾಗುತ್ತಿರಲಿಲ್ಲ.

ಲೆಕ್ಕ ಹಾಳೆಯ ಮೇಲೆ ಇಳಿದದ್ದು

ಹೆಮ್ಮೆ ಪಡೋಣ, ಆದರೆ ಇಲ್ಲದ್ದನ್ನು ಇದೆ ಎನ್ನುವುದು ಬೇಡ. ಮಹಾವೀರನಲ್ಲಿ ಸಮೀಕರಣಗಳಿವೆ, ವೃತ್ತಗಳಿವೆ. ಸಮೀಕರಣವನ್ನು ಗೆರೆಯಾಗಿ ಎಳೆಯುವ ಉಪಾಯ ಅವನಲ್ಲಿ ಇಲ್ಲ. ಅದು ಬಂದದ್ದು ಸುಮಾರು 800 ವರ್ಷಗಳ ನಂತರ ಫ್ರಾನ್ಸಿನಲ್ಲಿ. ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ರೇಖಾಗಣಿತದ ಗ್ರಂಥದಲ್ಲಿ, ಮತ್ತು ಅದೇ ಹೊತ್ತಿಗೆ ಪಿಯರ್ ಫರ್ಮಾ ಮಾಡಿದ ಕೆಲಸದಲ್ಲಿ, ಬೀಜಗಣಿತ ಮತ್ತು ರೇಖಾಗಣಿತ ಎಂಬ ಎರಡು ಊರುಗಳಿಗೆ ರಸ್ತೆ ಬಿತ್ತು. ಒಂದು ಬಿಂದುವಿಗೆ ಎರಡು ಸಂಖ್ಯೆ, ಎರಡು ಸಂಖ್ಯೆಗೆ ಒಂದು ಬಿಂದು. ಇಷ್ಟೇ ಮಾತು. ಡೆಕಾರ್ಟ್ ಸ್ವತಃ ಇಂದಿನಂತೆ ಎರಡು ಅಕ್ಷಗಳನ್ನು ಅಡ್ಡ ಉದ್ದ ಎಳೆದು ಕೂತವನಲ್ಲ. ಆ ರೂಢಿ ಮುಂದಿನವರು ಬೆಳೆಸಿದ್ದು.

ಹಣ್ಣಿನ ಲೆಕ್ಕವನ್ನೇ ಗ್ರಾಫ್ ಹಾಳೆಗೆ ಇಳಿಸಿ ನೋಡಿ. ಮೊದಲನೆಯ ಸಮೀಕರಣಕ್ಕೆ ಎಕ್ಸ್ 1 ಆದರೆ ವೈ 14. ಎಕ್ಸ್ 15 ಆದರೆ ವೈ −4. ಈ ಎರಡು ಬಿಂದು ಕೂಡಿಸಿದರೆ ಒಂದು ಗೆರೆ. ಎರಡನೆಯದಕ್ಕೆ ಎಕ್ಸ್ −1 ಆದರೆ ವೈ 12. ಎಕ್ಸ್ 17 ಆದರೆ ವೈ −2. ಇನ್ನೊಂದು ಗೆರೆ. ಎರಡೂ ಅಡ್ಡ ಹಾಯುವ ಜಾಗ (8, 5). ಬೆಲೆ −4 ಇರುವ ಹಣ್ಣು ಯಾವ ಸಂತೆಯಲ್ಲೂ ಸಿಕ್ಕದು. ಆದರೂ ಆ ಬಿಂದು ಗೆರೆ ಎಳೆಯುವುದಕ್ಕೆ ಸಾಕ್ಷಿ ನುಡಿಯುತ್ತದೆ. ಮೊದಲ ಗೆರೆ ಎಂದರೆ ‘107 ಆಗುವಂತೆ ಇರಬಹುದಾದ ಎಲ್ಲ ಬೆಲೆಗಳು’. ಎರಡನೆಯದು ‘101 ಆಗುವಂತೆ ಇರಬಹುದಾದ ಎಲ್ಲ ಬೆಲೆಗಳು’. ಎರಡಕ್ಕೂ ಒಪ್ಪುವ ಬೆಲೆ ಎರಡೂ ಗೆರೆಯ ಮೇಲಿರಬೇಕು. ಗ್ರಾಫಿನ ಉತ್ತರ ಎಂದರೆ ಇಷ್ಟೇ. ಈ ಒಂದು ಮಾತು 2005ರಲ್ಲಿ ನನಗೆ ಹೊಳೆದಿದ್ದರೆ ಬೆಂಚಿನ ಗೆಳೆಯನಿಗೆ ಹೇಳುತ್ತಿದ್ದೆ.

ಗೂಟ, ಹಗ್ಗ, ವೃತ್ತ

ವೃತ್ತ ನಮ್ಮ ನೆಲದಲ್ಲಿ ಮಹಾವೀರನಿಗಿಂತ ಬಹಳ ಹಳೆಯದು. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಕಲ್ಲುಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಬೃಹತ್ ಶಿಲಾಯುಗದ ಈ ನೆಲೆ ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ, ಚೌಕ ಮತ್ತು ಕರ್ಣದ ಲೆಕ್ಕದಲ್ಲಿ ಇಟ್ಟಿದ್ದಾರೆ. ಗ್ರಾಫ್ ಹಾಳೆಯನ್ನು ಹೊಲದ ಮೇಲೆ ಹಾಸಿದಂತೆ ಕಾಣುತ್ತದೆ. 1841ರಿಂದ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈ ಸೀಮೆಯ ಕಲ್ಮನೆಗಳು, ಕಲ್ಲುವೃತ್ತಗಳ ಬಗ್ಗೆ 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನದೇ ನೆನಪು. ಸಮಾಧಿಯ ಸುತ್ತ ಕಲ್ಲುಗಳನ್ನು ದುಂಡಗೆ ಜೋಡಿಸಿದ ಜನರಿಗೆ ಸಮೀಕರಣ ಬೇಕಿರಲಿಲ್ಲ. ದುಂಡಗೆ ಗೆರೆ ಹಾಕಲು ಒಂದು ಗೂಟ, ಒಂದು ಹಗ್ಗ ಸಾಕು.

ಆ ಗೂಟ ಮತ್ತು ಹಗ್ಗವನ್ನೇ ಬೀಜಗಣಿತದ ಭಾಷೆಯಲ್ಲಿ ಹೇಳಿದರೆ ವೃತ್ತದ ಸಮೀಕರಣ. ಗೂಟ ಮೂಲಬಿಂದುವಿನಲ್ಲಿದೆ, ಹಗ್ಗ 5 ಮೊಳ. ಗೂಟದಿಂದ ಪೂರ್ವಕ್ಕೆ 3 ಮೊಳ, ಅಲ್ಲಿಂದ ಉತ್ತರಕ್ಕೆ 4 ಮೊಳ ಹೋಗಿ ನಿಂತರೆ ಹಗ್ಗ ಸರಿಯಾಗಿ ಬಿಗಿಯುತ್ತದೆ, ಏಕೆಂದರೆ 9 + 16 = 25. ಪೂರ್ವಕ್ಕೆ ಎಕ್ಸ್, ಉತ್ತರಕ್ಕೆ ವೈ ಹೋದಾಗ ಹಗ್ಗ ಬಿಗಿಯಬೇಕಾದರೆ ಎಕ್ಸ್² + ವೈ² = 25 ಆಗಬೇಕು. ನಮ್ಮ ಮಕ್ಕಳಿಗೆ ಇದು ಹತ್ತರಲ್ಲಿ ಬರುವುದಿಲ್ಲ, ಪಿ.ಯು.ಸಿ.ಯಲ್ಲಿ ಬರುತ್ತದೆ. ಬಯಲಿನಲ್ಲಿ ಗೂಟ ನೆಟ್ಟು ತೋರಿಸಿದರೆ ಎಂಟನೆಯವರಿಗೂ ತಿಳಿಯುತ್ತದೆ.

ಮಹಾವೀರ ವೃತ್ತದ ಪರಿಧಿಗೆ ಎರಡು ಲೆಕ್ಕ ಕೊಡುತ್ತಾನೆ. ಸ್ಥೂಲವಾಗಿ ವ್ಯಾಸದ 3 ಪಟ್ಟು, ಸೂಕ್ಷ್ಮವಾಗಿ ವ್ಯಾಸದ √10 ಪಟ್ಟು. ವ್ಯಾಸ 10 ಇದ್ದರೆ ಸ್ಥೂಲ ಲೆಕ್ಕ 30, ಸೂಕ್ಷ್ಮ ಲೆಕ್ಕ 31.62. ನಿಜವಾದ ಪರಿಧಿ 31.42. ನೂರಕ್ಕೆ ಒಂದರಷ್ಟೂ ತಪ್ಪಿಲ್ಲ. ಉದ್ದನೆಯ ವೃತ್ತವನ್ನು ಅವನು ‘ಆಯತವೃತ್ತ’ ಎನ್ನುತ್ತಾನೆ, ಇಂದಿನ ದೀರ್ಘವೃತ್ತ. ಅದರ ಪರಿಧಿಗೂ ಸೂತ್ರ ಕೊಟ್ಟ. 36 ಉದ್ದ, 12 ಅಗಲ ಇದ್ದರೆ ಆ ಸೂತ್ರದಂತೆ ಸುಮಾರು 77.8, ನಿಜವಾದದ್ದು ಸುಮಾರು 80.2. ಹತ್ತಿರ ಬಂದಿದ್ದಾನೆ. ಆದರೆ ಅದರ ಕ್ಷೇತ್ರಫಲಕ್ಕೆ ಕೊಟ್ಟ ಸೂತ್ರ ತಪ್ಪು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲ ಎಂದದ್ದೂ ತಪ್ಪು. ತಪ್ಪು ಮಾಡುತ್ತಲೇ ಮುಂದೆ ಹೋದವರ ಸಾಲಿನಲ್ಲಿ ಅವನಿದ್ದಾನೆ ಎಂಬುದು ಗಣಿತಕ್ಕೆ ಹೆದರುವ ಮಕ್ಕಳಿಗೆ ಧೈರ್ಯ ಕೊಡುವ ಸಂಗತಿ ಎಂದೇ ನಾನು ತಿಳಿದಿದ್ದೇನೆ.

ಇನ್ನೊಂದು ಮಾತನ್ನು ಅವನು ಬಹಳ ಸ್ಪಷ್ಟವಾಗಿ ಹೇಳಿದ: ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಯಂತ್ರದ ಪರದೆಯ ಮೇಲೆ ಅದು ಮತ್ತೆ ಬರುತ್ತದೆ.

ಗೆರೆ ಎಳೆಯುವ ಯಂತ್ರ

1962ರಲ್ಲಿ ಐ.ಬಿ.ಎಂ. ಕಂಪನಿಯ ಜ್ಯಾಕ್ ಬ್ರೆಸೆನ್‌ಹ್ಯಾಮ್ ಒಂದು ಉಪಾಯ ಕಂಡುಹಿಡಿದ. ಕಂಪ್ಯೂಟರಿನಲ್ಲಿ ಗೆರೆ ಎಂಬುದಿಲ್ಲ, ಗ್ರಾಫ್ ಹಾಳೆಯ ಚೌಕಗಳಂತೆ ಚುಕ್ಕೆಗಳು ಮಾತ್ರ ಇವೆ. ಓರೆ ಗೆರೆ ಎಳೆಯಬೇಕಾದರೆ ಪ್ರತಿ ಹೆಜ್ಜೆಗೂ ಎರಡು ಚುಕ್ಕೆಗಳಲ್ಲಿ ಗೆರೆಗೆ ಯಾವುದು ಹತ್ತಿರ ಎಂದು ಆರಿಸಬೇಕು. ಗುಣಾಕಾರ ಭಾಗಾಕಾರಗಳ ಗೋಜಿಲ್ಲದೆ, ಬರೀ ಪೂರ್ಣಾಂಕಗಳ ಕೂಡುವಿಕೆ ಮತ್ತು ಹೋಲಿಕೆಯಿಂದ ಇದನ್ನು ಮಾಡಬಹುದು ಎಂದು ಅವನು ತೋರಿಸಿದ. 1977ರಲ್ಲಿ ವೃತ್ತಕ್ಕೂ ಅಂಥದೇ ವಿಧಾನ ಪ್ರಕಟಿಸಿದ. ವೃತ್ತದ ಎಂಟನೇ ಒಂದು ಭಾಗ ಲೆಕ್ಕ ಹಾಕಿದರೆ ಸಾಕು, ಉಳಿದ ಏಳು ಭಾಗ ಕನ್ನಡಿಯ ಪ್ರತಿಬಿಂಬದಂತೆ ಸಿಗುತ್ತವೆ. (3, 4) ವೃತ್ತದ ಮೇಲಿದ್ದರೆ (4, 3), (−3, 4), (3, −4) ಎಲ್ಲವೂ ಇರಲೇಬೇಕಲ್ಲ!

1985ರಲ್ಲಿ ಜಪಾನಿನ ಕ್ಯಾಸಿಯೋ ಕಂಪನಿ ಎಫ್.ಎಕ್ಸ್. 7000ಜಿ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಮಾರುಕಟ್ಟೆಗೆ ತಂದಿತು. ಅಂಗೈಯಲ್ಲಿ ಹಿಡಿದು ಸಮೀಕರಣದ ಚಿತ್ರ ನೋಡಬಹುದಾದ ಮೊದಲ ಯಂತ್ರ ಅದು. ಪರದೆ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕೆಗಳು. 1990ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿ.ಐ. 81 ಬಂತು, ಶಾಲೆಗಳಿಗೆಂದೇ ಮಾಡಿದ್ದು. 1995ರಿಂದ ಅಲ್ಲಿನ ಹೈಸ್ಕೂಲು ಮಕ್ಕಳು ಬರೆಯುವ ಒಂದು ಕಲನಶಾಸ್ತ್ರ ಪರೀಕ್ಷೆಗೆ ಇಂಥ ಯಂತ್ರ ಕಡ್ಡಾಯವಾಯಿತು. ನಮ್ಮ ಪರೀಕ್ಷೆಗಳಲ್ಲಿ ಸಾದಾ ಕ್ಯಾಲ್ಕುಲೇಟರಿಗೂ ಪ್ರವೇಶವಿರಲಿಲ್ಲ. ಹಾಗಾಗಿ ನನ್ನ ತಲೆಮಾರಿನ ಬಹುಪಾಲು ಜನ ಈ ಯಂತ್ರವನ್ನು ಕಣ್ಣಿಂದ ನೋಡಲಿಲ್ಲ.

ನಾನು ನೋಡಿದ್ದು ಬಿ.ಇ. ಮೊದಲ ವರ್ಷದಲ್ಲಿ. ಸಹಪಾಠಿಯೊಬ್ಬನ ಸಂಬಂಧಿಕರು ಅಮೆರಿಕದಿಂದ ತಂದುಕೊಟ್ಟಿದ್ದರು. ಹಾಸ್ಟೆಲಿನಲ್ಲಿ ಎಲ್ಲರ ಕೈಯಲ್ಲೂ ಒಂದು ಸುತ್ತು ಬಂದು ನನ್ನ ಕೈಗೂ ಬಂತು. ವೃತ್ತ ಎಳೆಯೋಣ ಎಂದೆ. ಯಂತ್ರ ‘ವೈ =’ ಎಂದಷ್ಟೇ ಕೇಳುತ್ತದೆ, ಎಕ್ಸ್² + ವೈ² = 25 ಎಂದು ಬರೆಯಲು ಜಾಗವೇ ಇಲ್ಲ. ಗೆಳೆಯ ಹೇಳಿಕೊಟ್ಟ: ಎರಡು ತುಂಡು ಮಾಡು, ವೈ = √(25 − ಎಕ್ಸ್²) ಮೇಲಿನ ಅರ್ಧ, ವೈ = −√(25 − ಎಕ್ಸ್²) ಕೆಳಗಿನ ಅರ್ಧ. ಒತ್ತಿದೆ. ಬಂದದ್ದು ಅಡ್ಡ ಮಲಗಿದ ತತ್ತಿ, ಅದೂ ಎಡಬಲದಲ್ಲಿ ಒಡೆದದ್ದು. ಎಲ್ಲರೂ ನಕ್ಕರು. ಸರಕಾರಿ ಕನ್ನಡ ಶಾಲೆಯಿಂದ ಬಂದವನು ಏನೋ ತಪ್ಪು ಒತ್ತಿದ ಎಂದು ಅವರೂ ತಿಳಿದರು, ನಾನೂ ತಿಳಿದೆ. ಯಂತ್ರವನ್ನು ಮರಳಿ ಕೊಟ್ಟೆ. ಮತ್ತೆ ಕೇಳಲಿಲ್ಲ.

ನಾನು ತಪ್ಪು ಒತ್ತಿರಲಿಲ್ಲ ಎಂದು ತಿಳಿದದ್ದು ವರ್ಷಗಳ ನಂತರ, ಕೆಲಸದಲ್ಲಿ ನಾನೇ ಪರದೆಯ ಮೇಲೆ ಗೆರೆ ಮೂಡಿಸುವ ತಂತ್ರಾಂಶ ಬರೆಯಬೇಕಾಗಿ ಬಂದಾಗ. ಎರಡೂ ಅಕ್ಷಗಳನ್ನು −10ರಿಂದ 10ರವರೆಗೆ ಇಟ್ಟಾಗ 20 ಮಾನ ಅಡ್ಡಕ್ಕೆ 96 ಚುಕ್ಕೆಗಳಲ್ಲಿ ಹರಡುತ್ತದೆ, ಉದ್ದಕ್ಕೆ 64ರಲ್ಲೇ ಮುಗಿಯುತ್ತದೆ. ಅಡ್ಡಕ್ಕೆ ಒಂದೂವರೆ ಪಟ್ಟು ಹಿಗ್ಗು. ಅದಕ್ಕೇ ತತ್ತಿ. ಮಹಾವೀರನ ಭಾಷೆಯಲ್ಲಿ ನನ್ನ ವೃತ್ತ ಆಯತವೃತ್ತವಾಗಿತ್ತು. ಎರಡೂ ಕಡೆ ಮಾನ ಸಮವಾಗುವಂತೆ ಅಕ್ಷಗಳ ವ್ಯಾಪ್ತಿ ಬದಲಿಸಿದರೆ ಸರಿಹೋಗುತ್ತದೆ.

ಒಡಕಿಗೆ ಕಾರಣ ಇನ್ನೂ ಸ್ವಾರಸ್ಯದ್ದು. ಯಂತ್ರ ಎಡದಿಂದ ಬಲಕ್ಕೆ ಒಂದೊಂದೇ ಚುಕ್ಕೆ ಸರಿಯುತ್ತ ಎಕ್ಸ್‌ಗೆ ಬೆಲೆ ಕೊಡುತ್ತದೆ. ಹೆಜ್ಜೆ ಸುಮಾರು 0.21. ವೃತ್ತದ ಬಲತುದಿ 5. ಅದರ ಹತ್ತಿರ ಎಕ್ಸ್ 4.95 ಇದ್ದಾಗ ವೈ ಸುಮಾರು 0.7, ಅಂದರೆ ಗೆರೆ ಇನ್ನೂ ಅಕ್ಷವನ್ನು ಮುಟ್ಟಿಲ್ಲ. ಮುಂದಿನ ಹೆಜ್ಜೆಗೆ ಎಕ್ಸ್ 5.16. ಈಗ 25 − ಎಕ್ಸ್² ಋಣ ಸಂಖ್ಯೆ. ಅದಕ್ಕೆ ವರ್ಗಮೂಲವಿಲ್ಲ. ಯಂತ್ರ ಸುಮ್ಮನಾಗುತ್ತದೆ, ಗೆರೆ ಅಲ್ಲೇ ನಿಲ್ಲುತ್ತದೆ. ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ನಡುವೆ ಸಂದು ಉಳಿಯುತ್ತದೆ. ಮಹಾವೀರ ಸುಮಾರು 850ರಲ್ಲಿ ಬರೆದ ಮಾತನ್ನೇ ಆ ಯಂತ್ರ ನನಗೆ ಹಾಸ್ಟೆಲಿನಲ್ಲಿ ಹೇಳಿತ್ತು. ಅದನ್ನು ಓದುವ ಕಣ್ಣು ನನಗೆ ಇರಲಿಲ್ಲ, ನಕ್ಕವರಿಗೂ ಇರಲಿಲ್ಲ.

ಈಗ ಕಾಲ ಬದಲಾಗಿದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಜಿಯೋಜೀಬ್ರಾ, ಅಮೆರಿಕದಲ್ಲಿ ಎಲಿ ಲುಬೆರಾಫ್ 2011ರಲ್ಲಿ ಹೊರತಂದ ಡೆಸ್ಮಾಸ್, ಎರಡೂ ವಿದ್ಯಾರ್ಥಿಗಳಿಗೆ ಬಿಟ್ಟಿಯಾಗಿ ಸಿಗುತ್ತವೆ, ಸಾದಾ ಮೊಬೈಲಿನಲ್ಲಿ ನಡೆಯುತ್ತವೆ. ಎಕ್ಸ್² + ವೈ² = 25 ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಇಡೀ ವೃತ್ತ ಮೂಡುತ್ತದೆ. ಇದನ್ನು ಮಾಡುವ ಒಂದು ವಿಧಾನ ಹೊಲದ ಬದು ಹುಡುಕಿದಂತೆ. ಪರದೆಯನ್ನು ಸಣ್ಣ ಚೌಕಗಳಾಗಿ ಒಡೆದು ಪ್ರತಿ ಮೂಲೆಯಲ್ಲೂ ಎಕ್ಸ್² + ವೈ² − 25 ಎಷ್ಟೆಂದು ನೋಡುವುದು. ವೃತ್ತದ ಒಳಗೆ ಅದು ಋಣ, ಹೊರಗೆ ಧನ. ಒಂದು ಚೌಕದ ಒಂದು ಮೂಲೆ ಋಣ, ಇನ್ನೊಂದು ಮೂಲೆ ಧನ ಬಂದರೆ ಬದು ಆ ಚೌಕದಲ್ಲೇ ಹಾದಿದೆ. ಆ ಚೌಕವನ್ನು ಇನ್ನೂ ಸಣ್ಣದಾಗಿ ಒಡೆದು ಮತ್ತೆ ನೋಡುವುದು.

ಯಂತ್ರ ಇದೆಯೆಂದು ಲೆಕ್ಕ ಬಿಡುವಂತಿಲ್ಲ. ಅದೇ ವೃತ್ತದ ಜೊತೆ ಎಕ್ಸ್ + ವೈ = 7 ಎಂಬ ಗೆರೆ ಎಳೆಯಿರಿ. (3, 4) ಮತ್ತು (4, 3) ಎಂಬ ಎರಡು ಕಡೆ ಸೇರುತ್ತದೆ. ಈಗ 7ನ್ನು 7.1 ಮಾಡಿ. ಮೊಬೈಲಿನ ಸಣ್ಣ ಪರದೆಯಲ್ಲಿ ಗೆರೆ ವೃತ್ತವನ್ನು ಒಂದೇ ಕಡೆ ಸವರಿದಂತೆ ಕಾಣುತ್ತದೆ. ನಿಜವಾಗಿ ಮುಟ್ಟಿಲ್ಲ. ವೈ = 7.1 − ಎಕ್ಸ್ ಎಂದು ವೃತ್ತದ ಸಮೀಕರಣದಲ್ಲಿ ಇಟ್ಟರೆ 2ಎಕ್ಸ್² − 14.2ಎಕ್ಸ್ + 25.41 = 0. ಅದರ ಶೋಧಕ 201.64 − 203.28, ಅಂದರೆ −1.64. ಋಣ ಸಂಖ್ಯೆ, ಮೂಲವಿಲ್ಲ, ಸೇರುವ ಬಿಂದುವೂ ಇಲ್ಲ. ಕಣ್ಣು ‘ಮುಟ್ಟಿದೆ’ ಎಂದರೆ ಲೆಕ್ಕ ‘ಇಲ್ಲ’ ಎನ್ನುತ್ತದೆ. ಚಿತ್ರ ದಾರಿ ತೋರಿಸಬೇಕು, ತೀರ್ಪು ಲೆಕ್ಕವೇ ಕೊಡಬೇಕು.

ದಾರ ಮತ್ತು ಮೊಳೆ

ಈ ಲೇಖನ ಬರೆಯುವ ಮುಂಚೆ ನನ್ನ ಗೆಳೆಯನನ್ನು ಬೆಂಗಳೂರಿನಲ್ಲಿ ಭೇಟಿಯಾದೆ. ಈಗ ಅವನು ಮೇಸ್ತ್ರಿ, ಅವನ ಕೈಕೆಳಗೆ ಎಂಟು ಹತ್ತು ಜನ. ಅಡಿಪಾಯದ ಗುರುತು ಹಾಕುತ್ತಿದ್ದ. ಮೂಲೆಯಲ್ಲಿ ಮೊಳೆ ಬಡಿದು, ಒಂದು ದಿಕ್ಕಿಗೆ 3 ಅಡಿ, ಇನ್ನೊಂದು ದಿಕ್ಕಿಗೆ 4 ಅಡಿ ಗುರುತಿಸಿ, ಅಡ್ಡ ಅಳೆದ. ‘5 ಬಂತಂದ್ರ ಮೂಲಿ ಗುಣ್ಯಾ ಐತಿ ಅಂತ ಲೆಕ್ಕ’ ಎಂದ. ಆಮೇಲೆ ದುಂಡು ಮೆಟ್ಟಿಲಿಗೆ ಮೊಳೆಗೆ ದಾರ ಕಟ್ಟಿ ನೆಲದ ಮೇಲೆ ಸೀಮೆಸುಣ್ಣದಿಂದ ಕಮಾನು ಎಳೆದ. ನಾನು ಮೊಬೈಲಿನಲ್ಲಿ ಎಕ್ಸ್² + ವೈ² = 25 ಬರೆದು, ವೃತ್ತದ ಮೇಲೆ (3, 4) ಬಿಂದುವನ್ನು ತೋರಿಸಿದೆ. ನಿನ್ನ ಮೊಳೆ ಇಲ್ಲಿ, ನಿನ್ನ ದಾರ 5, ನೀನು ಅಳೆದ 3 ಮತ್ತು 4 ಇಲ್ಲಿ ಎಂದೆ. ಅವನು ಬಹಳ ಹೊತ್ತು ನೋಡಿದ. ‘ಗ್ರಾಫ್ ಅಂದ್ರ ಇದಾ?’ ಎಂದು ಕೇಳಿದ. ಹೌದು ಎಂದೆ. ‘ಇಷ್ಟ ಅಂತ ಯಾರರ ಹೇಳಿದ್ರ ಆಗ್ತಿತ್ತಲ್ಲೋ’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅವನ ಮಗಳು ಈಗ ಒಂಬತ್ತನೆಯ ತರಗತಿ, ಊರಲ್ಲಿ ಅಜ್ಜಿಯ ಬಳಿ ಇದ್ದು ನಮ್ಮ ಶಾಲೆಗೇ ಬರುತ್ತಾಳೆ. ಮುಂದಿನ ವರ್ಷ ಅವಳ ಮುಂದೆ ಗ್ರಾಫ್ ಹಾಳೆ ಬರುತ್ತದೆ.

2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ನಮ್ಮ ಯಾದಗಿರಿ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಪತ್ರಿಕೆಗಳು ಅದನ್ನು ಬರೆದಾಗ ನಾವು ತಲೆ ತಗ್ಗಿಸಿದೆವು. ಫೇಲಾದ ಮಕ್ಕಳಲ್ಲಿ ನನ್ನ ಗೆಳೆಯನಂಥವರು ಎಷ್ಟು ಜನ ಇರಬಹುದು ಎಂದು ನಾನು ಯೋಚಿಸುತ್ತೇನೆ. ಲೆಕ್ಕ ಬಾರದವರಲ್ಲ, ತಮಗೆ ಬರುವುದೂ ಪುಸ್ತಕದಲ್ಲಿರುವುದೂ ಒಂದೇ ಎಂದು ತಿಳಿಯದವರು.

ಆದ್ದರಿಂದ ಹಿರಿಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಶಾಲೆಯ ಹಿಂಗೋಡೆಯ ಮೇಲೆ ಅಳಿಯದ ಬಣ್ಣದಲ್ಲಿ ದೊಡ್ಡ ಗ್ರಾಫ್ ಹಾಕಿಸೋಣ, ಗುರುಗಳ ಅರ್ಧ ಪಿರಿಯಡ್ ಉಳಿಯಲಿ. ನಡುವೆ ಮೂಲಬಿಂದುವಿನಲ್ಲಿ ಒಂದು ಮೊಳೆ, ಅದಕ್ಕೊಂದು ದಾರ ಇರಲಿ. ಹತ್ತನೆಯವರಿಗೆ ಗ್ರಾಫ್ ಹಾಳೆ ಎಣಿಸದೆ ಕೊಡುವಂತಾಗಲಿ. ಜಿಯೋಜೀಬ್ರಾ ಹಾಕಿದ ನಾಲ್ಕು ಟ್ಯಾಬ್ಲೆಟ್‌ಗಳ ಹೊಣೆ ನನ್ನದು. ವರ್ಷಕ್ಕೊಮ್ಮೆ ಮಕ್ಕಳನ್ನು ವಿಭೂತಿಹಳ್ಳಿಗೂ ಮಳಖೇಡಕ್ಕೂ ಕರೆದೊಯ್ಯೋಣ. ಮಳಖೇಡದ ಕೋಟೆಯ ನೆರಳಿನಲ್ಲಿ ಕುಳಿತು ಹಣ್ಣಿನ ಲೆಕ್ಕ ಮಾಡಲಿ.

ಗೋಡೆಯ ಗ್ರಾಫಿಗೆ ಗೆರೆ ಹಾಕಲು ನನ್ನ ಗೆಳೆಯ ಒಪ್ಪಿದ್ದಾನೆ. ಕೂಲಿ ಬೇಡ ಎಂದಿದ್ದಾನೆ. ಬೇಸಿಗೆ ರಜೆಯಲ್ಲಿ ಬರುತ್ತಾನೆ. ಚೌಕಗಳು ಗುಣ್ಯಾದಲ್ಲಿರುತ್ತವೆ, ಅದರ ಚಿಂತೆ ನನಗಿಲ್ಲ.